ಬಿಗಿ ಭದ್ರತೆಯ ವಲಯದಿಂದ ಮಾನಿಟರಿಂಗ್ ಸ್ಥಿತಿ ಹೊರತರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನೆಟ್‌ವರ್ಕನ್ನು ವಲಯಗಳಾಗಿ ಒಡೆದು ನಡುವೆ ಫೈರ್‌ವಾಲ್ (ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ರೂಲ್‌ಗಳ ಪ್ರಕಾರ ನೋಡುವ ಕಾವಲು) ನಿಲ್ಲಿಸಿದ ಮೇಲೆ ಮೊದಲು ಕುರುಡಾಗುವುದು ಮಾನಿಟರಿಂಗ್, ಅಂದರೆ ಮಷೀನ್‌ಗಳು ಸರಿಯಿವೆಯೇ ಎಂದು ಸದಾ ನೋಡುತ್ತಿರುವ ವ್ಯವಸ್ಥೆ. ಒಳವಲಯದ ಡೇಟಾಬೇಸ್ ಸರ್ವರ್‌ನಲ್ಲಿ ಡಿಸ್ಕ್ ತುಂಬುತ್ತಿರುತ್ತದೆ, ಅಲ್ಲಿನ ಮಾನಿಟರಿಂಗ್ ಕೆಂಪು ತೋರಿಸುತ್ತಲೂ ಇರುತ್ತದೆ. ಆದರೆ ರಾತ್ರಿ ಪಾಳಿಯವರು ನೋಡುವ ಪರದೆ ಇರುವುದು ಹೊರವಲಯದಲ್ಲಿ. ಆಗ ಬರುವ ಬೇಡಿಕೆ ಎಲ್ಲ ಕಡೆಯೂ ಒಂದೇ: "ಸರ್, ನಮ್ಮ ಮಾನಿಟರಿಂಗ್ ಸರ್ವರ್‌ನಿಂದ ಒಳಗಿನ ಎಲ್ಲ ಮಷೀನ್‌ಗೂ ಒಂದು ರೂಲ್ ಹಾಕಿಕೊಡಿ, ಸಾಕು."

ಆ ರೂಲ್ ಹಾಕಬೇಡಿ. ಮಾನಿಟರಿಂಗ್ ಸರ್ವರ್‌ಗೆ ಎಲ್ಲ ಮಷೀನ್‌ಗಳ ವಿಳಾಸ ಗೊತ್ತಿರುತ್ತದೆ, ಎಷ್ಟೋ ಮಷೀನ್‌ಗಳ ಪಾಸ್‌ವರ್ಡ್ ಕೂಡ ಅದರ ಬಳಿಯೇ ಇರುತ್ತದೆ. ಅದು ಬೇರೆಯವರ ಕೈಗೆ ಸಿಕ್ಕರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 2020ರ ಡಿಸೆಂಬರ್‌ನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣವನ್ನೇ ನೋಡಿ. ಒರಾಯನ್ ಎಂಬ ಮಾನಿಟರಿಂಗ್ ತಂತ್ರಾಂಶದ ಅಪ್‌ಡೇಟ್‌ಗೇ ದಾಳಿಕೋರರು ಹಿಂಬಾಗಿಲು ಸೇರಿಸಿದ್ದರು. ಹೆಚ್ಚೆಂದರೆ 18,000 ಗ್ರಾಹಕರು ಅದನ್ನು ಇನ್‌ಸ್ಟಾಲ್ ಮಾಡಿಕೊಂಡಿರಬಹುದು ಎಂದು ಕಂಪನಿಯೇ ಹೇಳಿತು.

ಇಲ್ಲಿ ಹೇಳುವ ವಿಧಾನ ಬೇರೆ. ಪರೀಕ್ಷೆ ಒಳವಲಯದಲ್ಲೇ ನಡೆಯಲಿ. ಅದರ ಫಲಿತಾಂಶವಷ್ಟೇ, ಅದೂ ಸಾಧ್ಯವಾದಷ್ಟು ಚಿಕ್ಕದಾಗಿ, ಒಂದೇ ದಿಕ್ಕಿನಲ್ಲಿ ಗಡಿ ದಾಟಲಿ. ಬರುವುದು ನಿಂತರೆ, ನಿಂತದ್ದನ್ನೇ ಅಲರ್ಟ್ ಎಂದು ಹಿಡಿಯಿರಿ. ಈ ಕೊನೆಯ ಮಾತನ್ನೇ ಹೆಚ್ಚಿನ ಕಡೆ ಮರೆಯುತ್ತಾರೆ, ಹಾಗಾಗಿ ಅದಕ್ಕೆ ಮುಂದೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ವಲಯ ಕಾಯುತ್ತಿರುವುದು ಏನನ್ನು?

ದಿಕ್ಕು ತೀರ್ಮಾನವಾಗುವುದು ಇಲ್ಲಿ. ಕಾರ್ಖಾನೆ, ವಿದ್ಯುತ್ ಸ್ಥಾವರ, ನೀರು ಶುದ್ಧೀಕರಣ ಘಟಕಗಳ ನಿಯಂತ್ರಣ ನೆಟ್‌ವರ್ಕ್‌ನಲ್ಲಿ ಮುಖ್ಯ ಭಯ ಹೊರಗಿನಿಂದ ಏನಾದರೂ ಒಳಗೆ ನುಗ್ಗೀತು ಎಂಬುದು. ಪಂಪ್ ಓಡುತ್ತಿದೆಯೋ ಇಲ್ಲವೋ ಎಂಬ ಮಾಹಿತಿ ಹೊರಗೆ ಬಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೊರಗಿನ ಒಂದು ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಹರಿಯುವ ಮಾಹಿತಿಯ ತುಣುಕು) ಒಳಗೆ ಹೋದರೆ ತೊಂದರೆ. ಅಲ್ಲಿ ಸ್ಥಿತಿ ಒಳಗಿನಿಂದ ಹೊರಗೆ ಹರಿಯಬೇಕು. ಕೈಗಾರಿಕಾ ಭದ್ರತೆಯ ಐಇಸಿ 62443 ಮಾನದಂಡವೂ ನೆಟ್‌ವರ್ಕನ್ನು ವಲಯಗಳಾಗಿ ವಿಂಗಡಿಸಿ, ಅವುಗಳ ನಡುವಿನ ಪ್ರತಿ ಹಾದಿಯನ್ನು ಪ್ರತ್ಯೇಕವಾಗಿ ಗುರುತಿಸಿ ಕಾಯಬೇಕು ಎನ್ನುತ್ತದೆ.

ರಹಸ್ಯ ದಾಖಲೆಗಳಿರುವ ವಲಯದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಭಯ ಸೋರಿಕೆಯದು. ಒಳಗಿನ ಮಷೀನ್‌ಗಳ ಸ್ಥಿತಿಯೂ ಒಂದು ಸೋರಿಕೆಯೇ. ಅಂಥ ಕಡೆ ಕಡಿಮೆ ಭದ್ರತೆಯ ಕೆಳವಲಯದ ಸ್ಥಿತಿಯನ್ನು ಮೇಲಿನ ರಹಸ್ಯ ವಲಯಕ್ಕೆ ಕಳಿಸಿ, ಎರಡೂ ಒಟ್ಟಿಗೆ ಕಾಣುವ ಪರದೆಯನ್ನು ಮೇಲಿನ ವಲಯದಲ್ಲೇ ಇಡಬೇಕು, ನೋಡುವವರೂ ಅಲ್ಲೇ ಕೂರಬೇಕು. ಇದು ಅನಾನುಕೂಲ, ನಿಜ. ಆದರೆ ಈ ಪ್ರಶ್ನೆಗೆ ಉತ್ತರ ಬರೆದಿಡದೆ ಉಪಕರಣ ಆರಿಸಲು ಕೂತರೆ, ದಿಕ್ಕನ್ನು ನಿಮ್ಮ ಬದಲು ಉಪಕರಣವೇ ತೀರ್ಮಾನಿಸುತ್ತದೆ.

ಇಲ್ಲಿಂದ ಮುಂದೆ ಮೊದಲ ಬಗೆಯ ವಲಯವನ್ನೇ ಇಟ್ಟುಕೊಂಡು ಹೇಳುತ್ತೇನೆ. ಎರಡನೆಯದಕ್ಕೆ ಕಳಿಸುವ ಬದಿ, ಸ್ವೀಕರಿಸುವ ಬದಿ ಅದಲುಬದಲು ಮಾಡಿಕೊಂಡರೆ ಆಯಿತು.

ಹಂತ 2: ಗಡಿ ದಾಟುವುದು ಏನು ಎಂದು ಬರೆದಿಡಿ

ಹೊರಗಿನವರಿಗೆ ನಿಜವಾಗಿ ಬೇಕಿರುವುದು ಕಡಿಮೆ: ಯಾವುದು, ಯಾವ ಸ್ಥಿತಿಯಲ್ಲಿ, ಯಾವಾಗಿನಿಂದ. ನಾಗಿಯೋಸ್ ಎಂಬ ಮಾನಿಟರಿಂಗ್ ತಂತ್ರಾಂಶದ ಪ್ಲಗಿನ್‌ಗಳ (ಒಂದೊಂದು ಪರೀಕ್ಷೆ ನಡೆಸುವ ಚಿಕ್ಕ ಪ್ರೋಗ್ರಾಂಗಳ) ಹಳೆಯ ಪದ್ಧತಿ ಇದಕ್ಕೆ ಇವತ್ತಿಗೂ ಸಾಕು: 0 ಎಂದರೆ ಸರಿ, 1 ಎಚ್ಚರಿಕೆ, 2 ಗಂಭೀರ, 3 ಗೊತ್ತಿಲ್ಲ.

ಅಪಾಯ ಇರುವುದು ಅಂಕಿಯ ಪಕ್ಕದ ಪಠ್ಯದಲ್ಲಿ. ಡಿಸ್ಕ್ ಪರೀಕ್ಷೆಯ ಪ್ಲಗಿನ್ ಫೋಲ್ಡರ್‌ನ ಪೂರ್ಣ ಹಾದಿ ಬರೆಯುತ್ತದೆ. ವೆಬ್ ಪರೀಕ್ಷೆ ಸರ್ವರ್‌ನ ವಿಳಾಸ ಹೇಳುತ್ತದೆ. ಡೇಟಾಬೇಸ್ ಪರೀಕ್ಷೆ ವಿಫಲವಾದರೆ ಬಳಕೆದಾರನ ಹೆಸರು, ಕೆಲವೊಮ್ಮೆ ಆವೃತ್ತಿಯ ಸಂಖ್ಯೆ ಕೂಡ ಆ ದೋಷ ಸಂದೇಶದಲ್ಲಿ ಬಂದುಬಿಡುತ್ತದೆ. ಒಂದು ವಾರದ ಇಂಥ ಸಾಲುಗಳು ಸಿಕ್ಕರೆ ಯಾರು ಬೇಕಾದರೂ ಒಳವಲಯದ ನಕ್ಷೆ ಬರೆಯಬಹುದು.

ಆದ್ದರಿಂದ ಒಳಗಿನ ಪ್ರತಿ ಮಷೀನ್‌ಗೂ ಒಂದು ಅಡ್ಡಹೆಸರು ಕೊಡಿ. ಪಠ್ಯವನ್ನು ಪೂರ್ತಿ ಬಿಟ್ಟುಬಿಡಿ, ಇಲ್ಲವೇ ಮೊದಲೇ ಒಪ್ಪಿದ ಕೆಲವು ವಾಕ್ಯಗಳಲ್ಲಿ ಒಂದನ್ನು ಮಾತ್ರ ಹಾಕಿ. ಗಡಿ ದಾಟುವ ಸಾಲು ಇಷ್ಟೇ ಇರಲಿ:

48213 | 02:14:00 | ಎ-07 | ಡಿಸ್ಕ್ | 2 | 01:52:00

ಮೊದಲನೆಯದು ಕ್ರಮಸಂಖ್ಯೆ, ಆಮೇಲೆ ಕಳಿಸಿದ ಸಮಯ, ಅಡ್ಡಹೆಸರು, ಪರೀಕ್ಷೆ, ಸ್ಥಿತಿ, ಕೊನೆಗೆ ಈ ಸ್ಥಿತಿ ಶುರುವಾದ ಸಮಯ. ಇಲ್ಲಿ ಓದಲು ಸುಲಭವಾಗಲೆಂದು ದಿನಾಂಕ ಬಿಟ್ಟಿದ್ದೇನೆ. ನೀವು ಬರೆಯುವಾಗ ದಿನಾಂಕವೂ ಇರಲಿ, ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇರಲಿ. ಎ-07 ಎಂದರೆ ಯಾವ ಮಷೀನ್ ಎಂಬ ಪಟ್ಟಿ ಒಳಗೇ ಇರುತ್ತದೆ. ಪಾಳಿಯವರು ಒಳಗಿನ ತಂಡಕ್ಕೆ ಫೋನ್ ಮಾಡಿ "ಎ-07, ಡಿಸ್ಕ್" ಎಂದರೆ ಕೆಲಸ ನಡೆಯುತ್ತದೆ.

ಸಿಪಿಯು ಗ್ರಾಫ್, ಮೆಮೊರಿ ಗ್ರಾಫ್ ಎಲ್ಲ ಹೊರಗೂ ಬೇಕು ಎನ್ನುವವರು ಇದ್ದೇ ಇರುತ್ತಾರೆ. ಯಾವ ನಿರ್ಧಾರಕ್ಕೆ ಬೇಕು ಎಂದು ಕೇಳಿ. ಉತ್ತರ ಬಂದರೆ ಆ ಒಂದು ಅಂಕಿ ಸೇರಿಸಿ.

ಹಂತ 3: ಒಳಗೆ ಒಂದು ಕಲೆಕ್ಟರ್

ಪ್ರತಿ ವಲಯದಲ್ಲೂ ಒಂದು ಕಲೆಕ್ಟರ್ ಇರಲಿ. ಆ ವಲಯದ ಎಲ್ಲ ಪರೀಕ್ಷೆಗಳನ್ನೂ ಅದೇ ನಡೆಸುತ್ತದೆ, ಗಡಿಯ ಆಚೆ ಮಾತಾಡುವುದೂ ಅದೊಂದೇ. ಮಷೀನ್‌ಗಳ ಸ್ಥಿತಿ ಕೇಳುವ ಎಸ್‌ಎನ್‌ಎಂಪಿ ಎಂಬ ಪ್ರೋಟೋಕಾಲ್ ಬಳಸುವುದಾದರೆ ವಲಯದ ಒಳಗೂ ಮೂರನೇ ಆವೃತ್ತಿಯನ್ನೇ ಬಳಸಿ. ಎರಡನೆಯದರಲ್ಲಿ ಪಾಸ್‌ವರ್ಡ್‌ನಂತೆ ಕೆಲಸ ಮಾಡುವ ಕಮ್ಯುನಿಟಿ ಪದ ತಂತಿಯ ಮೇಲೆ ಬಯಲಾಗಿಯೇ ಹೋಗುತ್ತದೆ. ಕಲೆಕ್ಟರ್‌ಗೆ ಓದುವ ಹಕ್ಕು ಸಾಕು. ಸರ್ವಿಸ್ ಮರುಚಾಲನೆ ಮಾಡುವ ಸ್ವಯಂಚಾಲಿತ ಸ್ಕ್ರಿಪ್ಟ್‌ಗಳು ಬೇಕಿದ್ದರೆ ಬೇರೆ ಮಷೀನ್‌ನಲ್ಲಿರಲಿ.

ಗಡಿಯಾಚೆಗೆ ಕಳಿಸುವ ಪ್ರೋಗ್ರಾಂ ಬೇರೆ ಬಳಕೆದಾರ ಖಾತೆಯಲ್ಲಿ ಓಡಲಿ. ಪರೀಕ್ಷೆಯ ಫಲಿತಾಂಶದ ಫೈಲ್ ಓದುವುದು, ಅಡ್ಡಹೆಸರಿಗೆ ಬದಲಿಸುವುದು, ಕಳಿಸುವುದು — ಇಷ್ಟೇ ಅದರ ಕೆಲಸ. ಪರೀಕ್ಷೆಗೆ ಬಳಸುವ ಪಾಸ್‌ವರ್ಡ್‌ಗಳು ಅದಕ್ಕೆ ಕಾಣಬಾರದು.

ಹಂತ 4: ಸಾಗಿಸುವ ದಾರಿ ಆರಿಸಿ

ಇಲ್ಲೊಂದು ಸೂಕ್ಷ್ಮವಿದೆ. ಸಂಪರ್ಕ ಶುರು ಮಾಡಿದ್ದು ಒಳಗಿನ ಬದಿಯಾದ ಮಾತ್ರಕ್ಕೆ ಮಾಹಿತಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ ಎಂದಲ್ಲ. ಟಿಸಿಪಿ (ತಲುಪಿದ್ದಕ್ಕೆ ಉತ್ತರ ಪಡೆಯುತ್ತ ಕಳಿಸುವ ವಿಧಾನ) ಸಂಪರ್ಕ ಒಮ್ಮೆ ತೆರೆದರೆ ಎರಡೂ ಕಡೆಗೆ ಹರಿಯುತ್ತದೆ. ಹಾಗಾಗಿ ಪ್ರತಿ ಉಪಕರಣದ ಬಗ್ಗೆಯೂ ಎರಡು ಪ್ರಶ್ನೆ ಕೇಳಬೇಕು: ಕದ ತಟ್ಟುವವರು ಯಾರು? ಕದ ತೆರೆದ ಮೇಲೆ ಹೊರಗಿನವರು ಒಳಗಿನವರಿಗೆ ಏನು ಹೇಳಬಲ್ಲರು?

ಐಸಿಂಗಾ 2 ಎಂಬ ಮಾನಿಟರಿಂಗ್ ತಂತ್ರಾಂಶದಲ್ಲಿ ವಲಯದ ಕಲ್ಪನೆ ಮೊದಲಿಂದಲೂ ಇದೆ. ಪೋರ್ಟ್ 5665, ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ವಿಧಾನ) ಪ್ರಮಾಣಪತ್ರ ಕಡ್ಡಾಯ. ಒಳಗಿನ ಸ್ಯಾಟಲೈಟ್ (ಇಲ್ಲಿ ನಮ್ಮ ಕಲೆಕ್ಟರ್) ತಾನೇ ಹೊರಗಿನ ಮಾಸ್ಟರ್‌ಗೆ (ಮುಖ್ಯ ಸರ್ವರ್‌ಗೆ) ಸಂಪರ್ಕಿಸಬೇಕಾದರೆ, ಸ್ಯಾಟಲೈಟ್‌ನ ಕಾನ್ಫಿಗ್‌ನಲ್ಲಿ ಮಾಸ್ಟರ್‌ನ ವಿಳಾಸ ಬರೆಯಿರಿ, ಮಾಸ್ಟರ್‌ನ ಕಾನ್ಫಿಗ್‌ನಲ್ಲಿ ಸ್ಯಾಟಲೈಟ್‌ನ ವಿಳಾಸ ಬಿಟ್ಟುಬಿಡಿ. ಆಮೇಲೆ ಸ್ಯಾಟಲೈಟ್‌ನ ಎಪಿಐ ವಿಭಾಗದಲ್ಲಿ ಹೊರಗಿನ ಆದೇಶ ಮತ್ತು ಹೊರಗಿನ ಕಾನ್ಫಿಗ್ ಒಪ್ಪಿಕೊಳ್ಳುವ ಎರಡೂ ಆಯ್ಕೆಗಳನ್ನು ಆಫ್ ಮಾಡಿ. ಅವು ಆನ್ ಇದ್ದರೆ ಮಾಸ್ಟರ್ ಹಿಡಿದವನು ಸ್ಯಾಟಲೈಟ್‌ನಲ್ಲಿ ತನಗೆ ಬೇಕಾದ್ದನ್ನು ಓಡಿಸಬಹುದು. ಆಫ್ ಮಾಡಿದ ಮೇಲೆ ಹೋಸ್ಟ್, ಸರ್ವಿಸ್‌ಗಳನ್ನು ಎರಡೂ ಬದಿಯಲ್ಲಿ ಒಂದೇ ಹೆಸರಿನಲ್ಲಿ ಕೈಯಾರೆ ಬರೆಯಬೇಕಾಗುತ್ತದೆ. ಆ ಶ್ರಮ ದಂಡವಲ್ಲ.

ಝಾಬಿಕ್ಸ್ ಎಂಬ ಇನ್ನೊಂದು ಮಾನಿಟರಿಂಗ್ ತಂತ್ರಾಂಶದಲ್ಲಿ ಒಳಗೆ ಪ್ರಾಕ್ಸಿ (ಸರ್ವರ್ ಪರವಾಗಿ ಮಾಹಿತಿ ಕೂಡಿಸುವ ಪ್ರೋಗ್ರಾಂ) ಇಟ್ಟು ಆ್ಯಕ್ಟಿವ್ ಮೋಡ್‌ನಲ್ಲಿ ಓಡಿಸಿದರೆ ಪ್ರಾಕ್ಸಿಯೇ ಸರ್ವರ್‌ನ 10051 ಪೋರ್ಟ್‌ಗೆ ಸಂಪರ್ಕಿಸುತ್ತದೆ. ಸಂಪರ್ಕ ಕಡಿದರೂ ಮಾಹಿತಿಯನ್ನು ಡೀಫಾಲ್ಟ್ ಆಗಿ 1 ಗಂಟೆ ಕಾಲ ಇಟ್ಟುಕೊಂಡಿರುತ್ತದೆ, ಆಮೇಲೆ ಕಳಿಸುತ್ತದೆ. ಆದರೆ ಏನು ಪರೀಕ್ಷಿಸಬೇಕು ಎಂಬ ಪಟ್ಟಿ ಬರುವುದು ಹೊರಗಿನ ಸರ್ವರ್‌ನಿಂದಲೇ. ಅಂದರೆ ಹತೋಟಿ ಹೊರಗಿದೆ. ಮಧ್ಯಮ ಭದ್ರತೆಯ ವಲಯಕ್ಕೆ ಇದು ಸರಿ. ನಿಯಂತ್ರಣ ವ್ಯವಸ್ಥೆಗಳ ವಲಯಕ್ಕೆ ನಾನು ಇದನ್ನು ಇಡುವುದಿಲ್ಲ.

ಪ್ರೊಮಿಥಿಯಸ್ ಹುಟ್ಟಿನಿಂದಲೇ ತಾನಾಗಿ ಹೋಗಿ ಮಾಹಿತಿ ಎಳೆದು ತರುವ ಉಪಕರಣ. ಗಡಿಯಾಚೆಯಿಂದ ಎಳೆಯಲು ಬಿಡಬೇಡಿ. ಒಳಗೆ ಒಂದು ಪ್ರೊಮಿಥಿಯಸ್ ಇಟ್ಟು ರಿಮೋಟ್ ರೈಟ್ ಮೂಲಕ ಹೊರಗೆ ತಳ್ಳಿಸಿ. 2021ರ ಕೊನೆಯಲ್ಲಿ ಬಂದ ಏಜೆಂಟ್ ಮೋಡ್ ಇದಕ್ಕೆ ಹೇಳಿ ಮಾಡಿಸಿದ್ದು. ಕಳಿಸುವ ಮುನ್ನ ರೀಲೇಬಲ್ ನಿಯಮಗಳಿಂದ ಮಷೀನ್ ಹೆಸರು, ವಿಳಾಸಗಳನ್ನು ಕತ್ತರಿಸಬಹುದು. ಬೇಕಾದ ಮೆಟ್ರಿಕ್‌ಗಳನ್ನು (ಅಳತೆಗಳನ್ನು) ಮಾತ್ರ ಹೆಸರಿಸಿ ಬಿಡಿ, ಬೇಡದ್ದನ್ನು ತೆಗೆಯುತ್ತ ಕೂರಬೇಡಿ. ತಳ್ಳಿದ ಮೌಲ್ಯಗಳನ್ನು ಪ್ರೊಮಿಥಿಯಸ್‌ಗಾಗಿ ಹಿಡಿದಿಡುವ ಪುಶ್‌ಗೇಟ್‌ವೇ ಸುಲಭ ಎನಿಸಬಹುದು, ಆದರೆ ಅದು ಕೊನೆಗೆ ಬಂದ ಮೌಲ್ಯವನ್ನು ತಾನಾಗಿ ಅಳಿಸುವುದಿಲ್ಲ. ಕಳಿಸುವ ಮಷೀನ್ ಸತ್ತು ವಾರವಾದರೂ ಪರದೆಯಲ್ಲಿ ಎಲ್ಲ ಹಸಿರಾಗಿಯೇ ಇರುತ್ತದೆ.

ನಾಗಿಯೋಸ್ ಇರುವವರಿಗೆ ಫಲಿತಾಂಶ ಕಳಿಸುವ ಎನ್‌ಎಸ್‌ಸಿಎ ಪರಿಚಿತ, ಪೋರ್ಟ್ 5667. ಕೆಲಸ ಮಾಡುತ್ತದೆ, ಆದರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅದೇ ಕೆಲಸವನ್ನು ಎಚ್‌ಟಿಟಿಪಿಎಸ್ ಮೇಲೆ ಮಾಡುವ ಎನ್‌ಆರ್‌ಡಿಪಿ ವಾಸಿ.

ಇವು ಯಾವುವೂ ಬೇಡ, ಸ್ಥಿತಿಯ ಒಂದು ಫೈಲ್ ದಾಟಿದರೆ ಸಾಕು ಎನ್ನುವವರಿಗೆ ಎಸ್‌ಎಸ್‌ಎಚ್ (ಬೇರೆ ಮಷೀನ್‌ಗೆ ಗೂಢಲಿಪಿಯಲ್ಲಿ ಸಂಪರ್ಕಿಸುವ ವಿಧಾನ) ಇದೆ. ನನ್ನ ಮಟ್ಟಿಗೆ ಚಿಕ್ಕ ವಲಯಗಳಿಗೆ ಇದೇ ಉತ್ತಮ, ಏಕೆಂದರೆ ಇದರಲ್ಲಿ ಏನು ದಾಟುತ್ತಿದೆ ಎಂಬುದನ್ನು ಯಾರು ಬೇಕಾದರೂ ಕಣ್ಣಾರೆ ಓದಿ ನೋಡಬಹುದು. ನಡುವಲಯದ (ಒಳವಲಯಕ್ಕೂ ಕಚೇರಿ ನೆಟ್‌ವರ್ಕ್‌ಗೂ ನಡುವಿನ ವಲಯದ) ಮಷೀನ್‌ನಲ್ಲಿ ಇದಕ್ಕೆಂದೇ ಒಂದು ಖಾತೆ ತೆರೆಯಿರಿ. ಆ ಖಾತೆಯ ಅನುಮತಿ ಪಡೆದ ಕೀಗಳ ಫೈಲ್‌ನಲ್ಲಿ ಕೀ ಮುಂದೆ 'ರಿಸ್ಟ್ರಿಕ್ಟ್' ಎಂಬ ಆಯ್ಕೆ ಸೇರಿಸಿ. ಟರ್ಮಿನಲ್, ಪೋರ್ಟ್ ಫಾರ್ವರ್ಡಿಂಗ್, ಏಜೆಂಟ್ ಫಾರ್ವರ್ಡಿಂಗ್ ಎಲ್ಲ ಒಟ್ಟಿಗೆ ಬಂದ್ ಆಗುತ್ತವೆ. ಜೊತೆಗೆ ಓಡಬೇಕಾದ ಆದೇಶವನ್ನೂ ಅಲ್ಲೇ ಕಟ್ಟಿಹಾಕಿ. ಫೈಲ್ ನಕಲಿಸುವ ಆರ್‌ಸಿಂಕ್ ಜೊತೆ ಬರುವ ಆರ್‌ಆರ್‌ಸಿಂಕ್ ಸ್ಕ್ರಿಪ್ಟ್‌ನಲ್ಲಿ ಬರೆಯಲು ಮಾತ್ರ ಬಿಡುವ ಆಯ್ಕೆಯಿದೆ, ಅದನ್ನು ಒಂದೇ ಫೋಲ್ಡರ್‌ಗೆ ಸೀಮಿತಗೊಳಿಸಿ. ಕೈಯಾರೆ ಬರೆದ ಸ್ಕ್ರಿಪ್ಟ್ ಇದ್ದರೆ ಫೈಲನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು ಆಮೇಲೆ ಹೆಸರು ಬದಲಿಸಬೇಕು. ಇಲ್ಲವಾದರೆ ಡ್ಯಾಶ್‌ಬೋರ್ಡ್ ಅರ್ಧ ಬರೆದ ಫೈಲ್ ಓದಿ ಅರ್ಧ ಮಷೀನ್‌ಗಳು ಕಾಣೆಯಾದವು ಎಂದು ಕೂಗಾಡುತ್ತದೆ.

ಡೇಟಾ ಡಯೋಡ್ ಇದ್ದರೆ

ಡಯೋಡ್ ಎಂದರೆ ಯಂತ್ರಾಂಶದ ಮಟ್ಟದಲ್ಲೇ ಒಂದು ದಿಕ್ಕು. ಕಳಿಸುವ ಬದಿಯಲ್ಲಿ ಬೆಳಕು ಹೊರಡಿಸುವ ಭಾಗವಷ್ಟೇ ಇರುತ್ತದೆ, ಸ್ವೀಕರಿಸುವ ಬದಿಯಲ್ಲಿ ಹಿಡಿಯುವ ಭಾಗವಷ್ಟೇ. ವಾಪಸ್ ಏನೂ ಬರಲಾರದು, ತಲುಪಿತು ಎಂಬ ಸ್ವೀಕೃತಿಯೂ ಇಲ್ಲ. ಹಾಗಾಗಿ ನೇರವಾಗಿ ಟಿಸಿಪಿ ನಡೆಯುವುದಿಲ್ಲ, ಉತ್ತರಕ್ಕೆ ಕಾಯದೆ ಕಳಿಸುವ ಯುಡಿಪಿ ಬಳಸಬೇಕು.

ಮೊದಲ ತೊಡಕು ಎಆರ್‌ಪಿ, ಅಂದರೆ ಐಪಿ ವಿಳಾಸಕ್ಕೆ ತಕ್ಕ ಮ್ಯಾಕ್ (ಯಂತ್ರಾಂಶದ) ವಿಳಾಸ ಕೇಳಿ ತಿಳಿಯುವ ವಿಧಾನ. ಆಚೆ ಬದಿಯ ಮ್ಯಾಕ್ ವಿಳಾಸ ಕೇಳಿದರೆ ಉತ್ತರ ಬರುವುದಿಲ್ಲ, ಉತ್ತರ ಬರದಿದ್ದರೆ ಪ್ಯಾಕೆಟ್ ಹೊರಡುವುದೇ ಇಲ್ಲ. ಕಳಿಸುವ ಮಷೀನ್‌ನಲ್ಲಿ ಆ ವಿಳಾಸವನ್ನು ಸ್ಥಿರವಾಗಿ ಬರೆದಿಡಿ. ರೀಬೂಟ್ ಆದ ಮೇಲೂ ಉಳಿಯುವಂತೆ ಬರೆಯಿರಿ. ಪ್ರತಿ ಸಂದೇಶವೂ ಒಂದೇ ಪ್ಯಾಕೆಟ್‌ನಲ್ಲಿ ಮುಗಿಯಲಿ: ಸಾಮಾನ್ಯ 1500 ಬೈಟ್ ಮಿತಿಯಲ್ಲಿ ಐಪಿವಿ4 ಹೆಡರ್‌ಗೆ 20, ಯುಡಿಪಿಗೆ 8 ಕಳೆದರೆ ನಿಮಗೆ ಸಿಗುವುದು 1472. ಕಳೆದುಹೋದದ್ದನ್ನು ಮತ್ತೆ ಕೇಳುವ ದಾರಿಯಿಲ್ಲವಾದ್ದರಿಂದ, ಬದಲಾವಣೆಯನ್ನು ಮಾತ್ರ ಕಳಿಸುವ ಚಾತುರ್ಯ ಇಲ್ಲಿ ಬೇಡ. ಪ್ರತಿ ಸುತ್ತಿನಲ್ಲೂ ಪೂರ್ತಿ ಸ್ಥಿತಿ ಕಳಿಸಿ. ಒಂದು ಸುತ್ತು ತಪ್ಪಿದರೆ ಮುಂದಿನದು ಸರಿಪಡಿಸುತ್ತದೆ.

ಎಸ್‌ಎನ್‌ಎಂಪಿ ಮೂರನೇ ಆವೃತ್ತಿಯ ಟ್ರ್ಯಾಪ್ (ಮಷೀನ್ ತಾನಾಗಿ ಕಳಿಸುವ ಸೂಚನೆ) ಕೂಡ ಯುಡಿಪಿ 162ಕ್ಕೆ ಏಕಮುಖವಾಗಿ ಹೋಗಬಲ್ಲದು. ಟ್ರ್ಯಾಪ್‌ನಲ್ಲಿ ಅಧಿಕೃತ ಎಂಜಿನ್ (ಭದ್ರತೆಯ ಲೆಕ್ಕಕ್ಕೆ ಆಧಾರವಾಗುವ ಎಸ್‌ಎನ್‌ಎಂಪಿ ಪ್ರೋಗ್ರಾಂ) ಕಳಿಸುವವರದ್ದೇ ಆದ್ದರಿಂದ, ಅವರ ಎಂಜಿನ್ ಗುರುತನ್ನು ಸ್ವೀಕರಿಸುವ ಬದಿಯಲ್ಲಿ ಮೊದಲೇ ಬರೆದಿಟ್ಟರೆ ಸಾಕು. ಇನ್‌ಫಾರ್ಮ್ ಆರಿಸಬೇಡಿ, ಅದು ಉತ್ತರಕ್ಕಾಗಿ ಕಾಯುತ್ತದೆ.

ಹಂತ 5: ಫೈರ್‌ವಾಲ್ ರೂಲ್

ಒಂದು ಕಲೆಕ್ಟರ್‌ನ ಐಪಿಯಿಂದ ಒಂದು ಸ್ವೀಕರಿಸುವ ಮಷೀನ್‌ನ ಐಪಿಗೆ, ಒಂದು ಪೋರ್ಟ್. ಉಲ್ಟಾ ದಿಕ್ಕಿಗೆ ಸ್ಪಷ್ಟ ನಿರಾಕರಣೆ, ಅದರ ಲಾಗ್ ಆನ್. ಸ್ವೀಕರಿಸುವ ಮಷೀನ್ ನಡುವಲಯದಲ್ಲಿರಲಿ, ಕಚೇರಿ ನೆಟ್‌ವರ್ಕ್‌ನಲ್ಲಿ ಅಲ್ಲ. ಕಚೇರಿಯ ಡ್ಯಾಶ್‌ಬೋರ್ಡ್ ನಡುವಲಯದಿಂದ ಓದಿಕೊಳ್ಳುತ್ತದೆ. ಕಲೆಕ್ಟರ್ ಹೊರಗಿನ ಡಿಎನ್‌ಎಸ್ (ಹೆಸರಿಗೆ ತಕ್ಕ ಐಪಿ ಹೇಳುವ ಸೇವೆ) ಕೇಳುವ ಅಗತ್ಯ ಬೀಳದಂತೆ ಐಪಿಯನ್ನೇ ಬರೆಯಿರಿ, ಅದಕ್ಕೆಂದು ಇನ್ನೊಂದು ರೂಲ್ ಹಾಕುವುದು ತಪ್ಪುತ್ತದೆ.

ಹಂತ 6: ಬಂದದ್ದನ್ನು ನಂಬಬೇಡಿ

ಒಳವಲಯದಿಂದ ಬಂದಿದೆ ಎಂಬ ಕಾರಣಕ್ಕೆ ಸ್ವೀಕರಿಸುವ ಪ್ರೋಗ್ರಾಂ ಕಣ್ಣುಮುಚ್ಚಿ ಒಪ್ಪಬಾರದು. ನಾಗಿಯೋಸ್‌ನ ಬಾಹ್ಯ ಆದೇಶದ ಫೈಲ್ ಒಳ್ಳೆಯ ಉದಾಹರಣೆ. ಅದರಲ್ಲಿ ಒಂದು ಸಾಲು ಎಂದರೆ ಒಂದು ಆದೇಶ, ಭಾಗಗಳ ನಡುವೆ ಅರ್ಧವಿರಾಮ. ಸ್ಥಿತಿಯ ಪಠ್ಯದೊಳಗೆ ಯಾರೋ ಹೊಸ ಸಾಲಿನ ಚಿಹ್ನೆ ತುರುಕಿದರೆ, ಮುಂದಿನ ಭಾಗ ಹೊಸ ಆದೇಶವಾಗಿ ಓಡಿಬಿಡಬಹುದು. ಎಲ್ಲ ಅಲರ್ಟ್‌ಗಳನ್ನೂ ಬಂದ್ ಮಾಡುವ ಆದೇಶವೂ ಅದಾಗಿರಬಹುದು. ಡ್ಯಾಶ್‌ಬೋರ್ಡ್ ಆ ಪಠ್ಯವನ್ನು ಹಾಗೆಯೇ ವೆಬ್ ಪುಟಕ್ಕೆ ಹಾಕಿದರೆ ಅದರಲ್ಲಿರುವ ಸ್ಕ್ರಿಪ್ಟ್ ನೋಡುವವರ ಬ್ರೌಸರ್‌ನಲ್ಲಿ ಓಡುತ್ತದೆ.

ಪ್ರತಿ ಸಾಲನ್ನೂ ಅಳೆಯಿರಿ. ಭಾಗಗಳು ಆರೇ ಇರಬೇಕು. ಅಡ್ಡಹೆಸರು ಹೊರಗಿನ ಪಟ್ಟಿಯಲ್ಲಿ (ಇದರಲ್ಲಿ ಅಡ್ಡಹೆಸರುಗಳಷ್ಟೇ ಇರುತ್ತವೆ) ಇರಬೇಕು. ಸ್ಥಿತಿ 0ರಿಂದ 3ರೊಳಗಿನ ಒಂದೇ ಅಂಕಿ. ಹೊಂದದ ಸಾಲನ್ನು ತಿದ್ದಲು ಹೋಗದೆ ಎಸೆಯಿರಿ, ಎಸೆದದ್ದರ ಎಣಿಕೆ ಇಟ್ಟುಕೊಳ್ಳಿ. ಹಳೆಯ ಸಂದೇಶವನ್ನೇ ಮತ್ತೆ ಕಳಿಸಿ ಎಲ್ಲ ಹಸಿರು ಎಂದು ತೋರಿಸುವ ದಾಳಿಯನ್ನು ತಡೆಯಲು ಇಡೀ ಸಂದೇಶಕ್ಕೆ ಎಚ್‌ಮ್ಯಾಕ್-ಎಸ್‌ಎಚ್‌ಎ256 (ಗುಪ್ತ ಕೀ ಗೊತ್ತಿದ್ದವರಷ್ಟೇ ಹಾಕಬಲ್ಲ) ಮುದ್ರೆ ಹಾಕಿ. ಕ್ರಮಸಂಖ್ಯೆ ಹಿಂದಿನದಕ್ಕಿಂತ ದೊಡ್ಡದಿದ್ದರೆ ಮಾತ್ರ ಒಪ್ಪಿ. ಈ ಸಂಖ್ಯೆ ಡಿಸ್ಕ್‌ನಲ್ಲಿರಲಿ, ಇಲ್ಲದಿದ್ದರೆ ಕಲೆಕ್ಟರ್ ರೀಬೂಟ್ ಆದಾಗ 1ರಿಂದ ಶುರುವಾಗಿ ಎಲ್ಲವೂ ತಿರಸ್ಕೃತವಾಗುತ್ತದೆ.

ಹಂತ 7: ಮೌನವೇ ಅಲರ್ಟ್

ಒಳಗಿನಿಂದ ತಳ್ಳುವ ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಇದು. ತಾನಾಗಿ ಹೋಗಿ ಕೇಳುವ ಮಾನಿಟರಿಂಗ್‌ಗೆ ಉತ್ತರ ಬರದಿದ್ದರೆ ತಕ್ಷಣ ಗೊತ್ತಾಗುತ್ತದೆ. ಕಾಯುತ್ತ ಕೂತ ಮಾನಿಟರಿಂಗ್‌ಗೆ ಎಲ್ಲ ಚೆನ್ನಾಗಿರುವುದಕ್ಕೂ ಏನೂ ಬಾರದಿರುವುದಕ್ಕೂ ವ್ಯತ್ಯಾಸ ಕಾಣದು, ನಾವೇ ಕಾಣಿಸಬೇಕು.

ನಾಗಿಯೋಸ್‌ನಲ್ಲಿ ಪ್ರತಿ ಪ್ಯಾಸಿವ್ (ಫಲಿತಾಂಶ ಬರಲೆಂದು ಕಾಯುವ) ಸರ್ವಿಸ್‌ಗೂ ಫ್ರೆಶ್‌ನೆಸ್ (ತಾಜಾತನದ) ಪರೀಕ್ಷೆ ಆನ್ ಮಾಡಿ ಅವಧಿ ಕೊಡಬಹುದು. ಅವಧಿ ಮೀರಿದರೆ ಆ ಸರ್ವಿಸ್‌ನ ಆದೇಶ ಓಡುತ್ತದೆ. ಅಲ್ಲಿ ಚೆಕ್ ಡಮ್ಮಿ ಪ್ಲಗಿನ್ ಇಟ್ಟು 3 ಮತ್ತು "ಫಲಿತಾಂಶ ಬಂದಿಲ್ಲ" ಎಂಬ ಪಠ್ಯ ಮರಳಿಸಿ. ಝಾಬಿಕ್ಸ್‌ನಲ್ಲಿ ಪ್ರಾಕ್ಸಿ ಕೊನೆಗೆ ಕಾಣಿಸಿಕೊಂಡ ಸಮಯವನ್ನು ಅಳೆಯುವ ಆಂತರಿಕ ಐಟಂ ಇದೆ, ಅದರ ಮೇಲೆ ಟ್ರಿಗರ್ (ಅಲರ್ಟ್ ಎಬ್ಬಿಸುವ ಷರತ್ತು) ಬರೆಯಿರಿ.

ಪ್ರೊಮಿಥಿಯಸ್ ಬಳಸುವವರು ಇಲ್ಲಿ ಇನ್ನಷ್ಟು ಹುಷಾರಾಗಿರಬೇಕು. ಮಾಹಿತಿ ಬರುವುದು ನಿಂತರೆ ಅಲರ್ಟ್ ಸೂತ್ರಕ್ಕೆ ಸಿಗುವುದು ಖಾಲಿ ಉತ್ತರ. ಖಾಲಿ ಎಂದರೆ ಅದರ ಲೆಕ್ಕದಲ್ಲಿ ಸಮಸ್ಯೆ ಇಲ್ಲ. ಕೆಂಪಾಗಿ ಉರಿಯುತ್ತಿದ್ದ ಅಲರ್ಟ್ ಕೂಡ ಸಂಪರ್ಕ ಕಡಿದ ಕೆಲ ನಿಮಿಷಗಳಲ್ಲಿ ತಾನಾಗಿ "ಬಗೆಹರಿದಿದೆ" ಎಂಬ ಸಂದೇಶ ಕಳಿಸಿ ಆರಿಹೋಗುತ್ತದೆ. ಮಾಹಿತಿ ಬಂದಿಲ್ಲವೇ ಎಂದು ನೋಡುವ ಆಬ್ಸೆಂಟ್ ಫಂಕ್ಷನ್ ಬಳಸಿ ಪ್ರತಿ ವಲಯಕ್ಕೂ ಬೇರೆ ಅಲರ್ಟ್ ಬರೆಯದೆ ಇದಕ್ಕೆ ದಾರಿಯಿಲ್ಲ.

ಅವಧಿ ಎಷ್ಟಿರಬೇಕು? ಕಳಿಸುವ ಅಂತರದ ಮೂರು ಪಟ್ಟು ನನ್ನ ರೂಢಿ. 60 ಸೆಕೆಂಡಿಗೊಮ್ಮೆ ಕಳಿಸುವುದಾದರೆ 180. ಒಂದು ಸುತ್ತು ತಪ್ಪಿದರೆ ಸುಮ್ಮನಿರುತ್ತದೆ, ನಿಜವಾಗಿ ಕಡಿದರೆ ಮೂರು ನಿಮಿಷದಲ್ಲಿ ಗೊತ್ತಾಗುತ್ತದೆ. ಇದಕ್ಕೆ ಎರಡೂ ಬದಿಯ ಗಡಿಯಾರ ಹೊಂದಿರಬೇಕು. ಒಳವಲಯಕ್ಕೆ ಹೊರಗಿನ ಎನ್‌ಟಿಪಿ (ಗಡಿಯಾರ ಹೊಂದಿಸುವ ಸೇವೆ) ಸಿಗದಿದ್ದರೆ ಅಲ್ಲೇ ಜಿಪಿಎಸ್ ಆಧಾರಿತ ಸಮಯದ ಮೂಲ ಇಡಬಹುದು. ಅದೂ ಆಗದಿದ್ದರೆ ತಾಜಾತನವನ್ನು ಸಂದೇಶದೊಳಗಿನ ಸಮಯದಿಂದ ಅಳೆಯದೆ, ಸ್ವೀಕರಿಸಿದ ಮಷೀನ್‌ನ ಗಡಿಯಾರದಿಂದ ಅಳೆಯಿರಿ.

ಇನ್ನು ಅಲರ್ಟ್‌ಗಳ ಮಳೆ. ಒಂದು ಕೇಬಲ್ ಕಡಿದರೆ ಒಳಗಿನ 200 ಸರ್ವಿಸ್‌ಗಳೂ ಒಟ್ಟಿಗೆ ಹಳಸುತ್ತವೆ, ಪಾಳಿಯವರ ಫೋನ್‌ಗೆ 200 ಸಂದೇಶ. ವಲಯದ ಸಂಪರ್ಕ ಎಂಬುದನ್ನೇ ಒಂದು ಸರ್ವಿಸ್ ಮಾಡಿ, ಉಳಿದವೆಲ್ಲ ಅದರ ಮೇಲೆ ಅವಲಂಬಿತ ಎಂದು ಬರೆದರೆ ಬರುವುದು ಒಂದೇ ಸಂದೇಶ. ಪರದೆಯಲ್ಲಿ ಆ 200ರ ಬಣ್ಣ ಹಸಿರೂ ಬೇಡ ಕೆಂಪೂ ಬೇಡ, ಬೂದು ಇರಲಿ.

ಹಂತ 8: ಬೇಕೆಂದೇ ಮುರಿದು ನೋಡಿ

ಕಳಿಸುವ ಪ್ರೋಗ್ರಾಂ ನಿಲ್ಲಿಸಿ. ಮೂರು ನಿಮಿಷದಲ್ಲಿ ಒಂದೇ ಅಲರ್ಟ್ ಬರಬೇಕು. ಪ್ರೋಗ್ರಾಂ ಓಡುತ್ತಿರುವಾಗಲೇ ಪರೀಕ್ಷೆಗಳನ್ನು ಮಾತ್ರ ನಿಲ್ಲಿಸಿ. ಇದು ಹೆಚ್ಚು ಜನ ನೋಡದ ಸಂದರ್ಭ: ಹಳೆಯ ಫಲಿತಾಂಶದ ಫೈಲ್‌ಗೆ ಹೊಸ ಸಮಯ ಅಂಟಿಸಿ ಕಳಿಸುತ್ತಲೇ ಇದ್ದರೆ ನಿಮ್ಮ ಹಸಿರೆಲ್ಲ ಸುಳ್ಳು. ಕಳಿಸುವ ಮುನ್ನ ಫಲಿತಾಂಶದ ವಯಸ್ಸನ್ನೂ ನೋಡಬೇಕು, ಹಳಸಿದ್ದರೆ 3 ಎಂದು ಕಳಿಸಬೇಕು. ನಿನ್ನೆಯ ಸಂದೇಶವೊಂದನ್ನು ಮತ್ತೆ ಕಳಿಸಿ, ತಿರಸ್ಕೃತವಾಗಬೇಕು. ಕಲೆಕ್ಟರ್‌ನ ಡಿಸ್ಕ್ ತುಂಬಿಸಿ. ಸ್ವೀಕರಿಸುವ ಮಷೀನ್‌ನಿಂದ ಒಳವಲಯದ ಕಡೆ ಪೋರ್ಟ್ ಸ್ಕ್ಯಾನ್ ಓಡಿಸಿ. ಒಂದೂ ಪೋರ್ಟ್ ತೆರೆದು ಕಾಣಬಾರದು, ಫೈರ್‌ವಾಲ್ ಲಾಗ್‌ನಲ್ಲಿ ಆ ಪ್ರಯತ್ನಗಳೆಲ್ಲ ದಾಖಲಾಗಿರಬೇಕು. ಕೊನೆಗೆ ಗಡಿಯಲ್ಲಿ ಟಿಸಿಪಿಡಂಪ್ ಉಪಕರಣದಿಂದ ಪ್ಯಾಕೆಟ್‌ಗಳನ್ನು ಹಿಡಿದು, ಗೂಢಲಿಪೀಕರಣಕ್ಕೆ ಮುಂಚಿನ ಸಂದೇಶದ ಜೊತೆ ಹೋಲಿಸಿ: ಲೆಕ್ಕಕ್ಕಿಂತ ಹೆಚ್ಚು ಬೈಟ್ ಹೋಗುತ್ತಿದ್ದರೆ ಏಕೆಂದು ಹುಡುಕಿ.

ಆಮೇಲೆ ಬರುವ ಬೇಡಿಕೆಗಳು

ಎಲ್ಲ ನಿಂತ ಮೇಲೆ ಖಂಡಿತ ಒಂದು ಕೋರಿಕೆ ಬರುತ್ತದೆ: ಹೊರಗಿನ ಪರದೆಯಲ್ಲಿ ಅಲರ್ಟನ್ನು "ನೋಡಿದ್ದೇನೆ" ಎಂದು ಒತ್ತಿದರೆ ಒಳಗಿನ ಮಾನಿಟರಿಂಗ್‌ನಲ್ಲೂ ಅದು ಕಾಣಬೇಕು. ಚಿಕ್ಕ ಕೋರಿಕೆಯಂತೆ ಕಾಣುತ್ತದೆ, ಆದರೆ ಅದು ಒಳಮುಖ ದಾರಿ. ಕೊಡಬೇಡಿ. ಬದಲಿಗೆ ಒಳಗಿನವರು ಒತ್ತಿದ್ದು ಹೊರಗೆ ಕಾಣಲಿ. ಗಡಿ ದಾಟುವ ಸಾಲಿಗೆ ಏಳನೆಯ ಭಾಗವಾಗಿ ಒಂದು ಅಂಕಿ ಸೇರಿಸಿದರೆ ಸಾಕು, ಸ್ವೀಕರಿಸುವ ಬದಿಯ ಎಣಿಕೆಯನ್ನೂ ಏಳಕ್ಕೆ ಬದಲಿಸಿ. ನಿಗದಿತ ನಿರ್ವಹಣೆಯ ಸಮಯವೂ ಹಾಗೆಯೇ, ಒಳಗೆ ನಮೂದಿಸಿ ಹೊರಗೆ ತಿಳಿಸುವುದು.

ಹೊಸ ಮಷೀನ್ ಸೇರಿದಾಗ ಒಳಗಿನ ಪಟ್ಟಿಗೆ ಹಾಕಿ ಹೊರಗಿನದಕ್ಕೆ ಹಾಕುವುದು ಮರೆತರೆ, ಅದರ ಸಾಲುಗಳು ಆರನೇ ಹಂತದ ಜರಡಿಯಲ್ಲಿ ಸದ್ದಿಲ್ಲದೆ ಬಿದ್ದುಹೋಗುತ್ತವೆ. ಪ್ರತಿ ಸುತ್ತಿನ ಕೊನೆಗೆ ಒಟ್ಟು ಎಷ್ಟು ಸಾಲು ಕಳಿಸಿದೆ ಎಂಬ ಎಣಿಕೆಯನ್ನೂ ಕಲೆಕ್ಟರ್ ಕಳಿಸಲಿ. ಅದಕ್ಕೂ ಹೊರಗೆ ಒಪ್ಪಿದ ಸಾಲುಗಳ ಎಣಿಕೆಗೂ ತಾಳೆಯಾಗದಿದ್ದರೆ ವಲಯದ ಸಂಪರ್ಕದ ಸರ್ವಿಸ್ ಹಳದಿಗೆ ತಿರುಗಲಿ.